ಸ್ಟ್ರಿಪ್ ಕತ್ತರಿಸಿದಾಗ ನಂಬರ್ ಎಲ್ಲಿ ಹೋಯ್ತು?

ನಮ್ಮಂಥ ಸಾಫ್ಟ್‌ವೇರ್‌ನವರಿಗೆ ಒಂದು ಅನುಕೂಲ ಇದೆ. ಬಿಟ್ಟ ಆ್ಯಪ್‌ನಲ್ಲಿ ತೊಂದರೆ ಕಂಡರೆ ಯಾವ ವರ್ಷನ್ ಅಂತ ನೋಡಿ, ಹಳೆಯದನ್ನೇ ಮತ್ತೆ ಹಾಕಬಹುದು. ಹೊಟ್ಟೆಗೆ ಹೋದ ಔಷಧವನ್ನು ವಾಪಸ್ ತರಲಾಗದು. ಅದರ ಜಾಡು ಹಿಡಿಯಲು ಇರುವುದು ಬ್ಯಾಚ್ ನಂಬರ್.

2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. ಡಿಸೆಂಬರ್ ಹೊತ್ತಿಗೆ ಸಂಖ್ಯೆ 5 ಆಯ್ತು. ಡ್ರಿಪ್‌ನಲ್ಲಿ ಕೊಡುವ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಸಂಶಯ ಬಂದು, ಆ ಕಂಪನಿಯ ದ್ರಾವಣದ ಬಳಕೆಯನ್ನು ರಾಜ್ಯ ಸರ್ಕಾರ ನಿಲ್ಲಿಸಿತು. ಮರುವರ್ಷ ಮಧ್ಯಪ್ರದೇಶದ ಛಿಂದ್ವಾರಾದಲ್ಲಿ ಕೆಮ್ಮಿನ ಸಿರಪ್ ಕುಡಿದ ಮಕ್ಕಳು ಸತ್ತಾಗ ದೇಶಕ್ಕೆಲ್ಲ ಹೋದ ಎಚ್ಚರಿಕೆಯಲ್ಲಿ ಇದ್ದದ್ದು ಕೋಲ್ಡ್ರಿಫ್‌ನ ಎಸ್‌ಆರ್-13 ಬ್ಯಾಚ್.

ಆಸ್ಪತ್ರೆಯಲ್ಲಾದರೆ ಸ್ಟಾಕ್ ರಿಜಿಸ್ಟರ್ ತೆಗೆದು ಹುಡುಕಬಹುದು. ನಮ್ಮ ಮನೆಯ ಮಾತ್ರೆ ಡಬ್ಬಿಗೆ ಯಾವ ರಿಜಿಸ್ಟರ್?

ಕುಮಟಾ ಪೇಟೆಯಲ್ಲಿ ‘ನಾಲ್ಕು ಮಾತ್ರೆ ಸಾಕು’ ಅಂದರೆ ಅಂಗಡಿಯವರು ಸ್ಟ್ರಿಪ್ ಕತ್ತರಿಸಿ ಕೊಡುತ್ತಾರೆ. ಬ್ಯಾಚ್ ನಂಬರ್, ಎಕ್ಸ್‌ಪೈರಿ ಇರುವ ತುಂಡು ಎಷ್ಟೋ ಸಲ ಅಲ್ಲೇ ಉಳಿಯುತ್ತದೆ. ಬಿಲ್ ನಾವೂ ಕೇಳುವುದಿಲ್ಲ. ಫ್ಯಾಕ್ಟರಿಯಿಂದ ಡೀಲರ್, ಡೀಲರ್‌ನಿಂದ ಅಂಗಡಿವರೆಗೆ ಬಂದ ದಾಖಲೆ ಕೊನೆಯ ಹೆಜ್ಜೆಯಲ್ಲಿ ತುಂಡಾಗುತ್ತದೆ. ರಾತ್ರಿ ಆಯಿಗೆ ಏನೋ ಆಗಿ 100ಕ್ಕೂ ಹೆಚ್ಚು ಕಿಲೋಮೀಟರ್ ದೂರದ ಮಣಿಪಾಲಕ್ಕೆ ಓಡಿದಾಗ, ‘ಯಾವ ಮಾತ್ರೆ ಕೊಟ್ಟಿದ್ರಿ?’ ಅಂತ ಡಾಕ್ಟರ್ ಕೇಳಿದರೆ ‘ಬಿಳೀದು, ಸಣ್ಣದು’ ಅನ್ನುವುದಷ್ಟೇ ನಮ್ಮ ಉತ್ತರ.

2023ರ ಆಗಸ್ಟ್ 1ರಿಂದ 300 ಬ್ರ್ಯಾಂಡ್‌ಗಳ ಔಷಧಕ್ಕೆ ಬಾರ್‌ಕೋಡ್ ಅಥವಾ ಕ್ಯೂಆರ್ ಕೋಡ್ ಕಡ್ಡಾಯ. ಅದರಲ್ಲಿ ತಯಾರಕರ ಹೆಸರು, ಬ್ಯಾಚ್, ಎಕ್ಸ್‌ಪೈರಿ ಎಲ್ಲ ಇರಬೇಕು. ಆದರೆ ಸ್ಟ್ರಿಪ್ ಮೇಲೆ ಜಾಗ ಸಾಲದಿದ್ದರೆ ಹೊರಗಿನ ಪೊಟ್ಟಣದ ಮೇಲೆ ಹಾಕಿದರೂ ನಡೆಯುತ್ತದೆ. ಬಿಡಿ ಮಾತ್ರೆ ತಂದವರ ಕೈಗೆ ಆ ಪೊಟ್ಟಣ ಬರುವುದಿಲ್ಲ.

ಹಾಗಾಗಿ ಮಾಡಬೇಕಾದ್ದು ಇಷ್ಟೇ: ಬಿಲ್ ಕೇಳಿ, ಅದರಲ್ಲಿ ಬ್ಯಾಚ್ ನಂಬರ್ ಇದೆಯೇ ನೋಡಿ. ಬಿಡಿ ಮಾತ್ರೆ ತಂದರೆ ಪೂರ್ತಿ ಸ್ಟ್ರಿಪ್‌ನ ಹಿಂಬದಿಯ ಫೋಟೋ ಅಂಗಡಿಯಲ್ಲೇ ತೆಗೆದುಕೊಳ್ಳಿ. ಗುಣಮಟ್ಟದಲ್ಲಿ ಫೇಲಾದ ಔಷಧಗಳ ಪಟ್ಟಿಯನ್ನು ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆ ಪ್ರತಿ ತಿಂಗಳು ಬ್ಯಾಚ್ ಸಮೇತ ಹಾಕುತ್ತದೆ. ನಮ್ಮ ಹತ್ತಿರ ನಂಬರ್ ಇದ್ದರೆ ಮಾತ್ರ ಆ ಪಟ್ಟಿಯಿಂದ ನಮಗೆ ಉಪಯೋಗ. ಔಷಧದಿಂದ ಅಡ್ಡಪರಿಣಾಮ ಆಯಿತು ಅನಿಸಿದರೆ ಡಾಕ್ಟರಿಗೆ ತೋರಿಸಿ, 1800-180-3024ಕ್ಕೂ ತಿಳಿಸಬಹುದು. ಅದು ಉಚಿತ ಕರೆ.

ಮುಂದಿನ ಸಲ ಊರಿಗೆ ಹೋದಾಗ ಆಯಿಯ ಮಾತ್ರೆ ಡಬ್ಬಿ ಒಮ್ಮೆ ತೆರೆದು ನೋಡಿ. ಎಷ್ಟು ತುಂಡಿನ ಮೇಲೆ ನಂಬರ್ ಉಳಿದಿದೆ, ಎಣಿಸಿ.