ದಿನ ತುಂಬದ ಹೆರಿಗೆ: ಯಾರ ಹಣೆಬರಹ?

ಏಳು ತಿಂಗಳಿಗೇ ಹುಟ್ಟಿದ ಕೂಸು ಉಳಿಯದೆ ಹೋದರೆ ನಮ್ಮ ಜನ ಆಡುವ ಮಾತು ಒಂದೇ: "ಋಣ ಅಷ್ಟೇ ಇತ್ತು." ಆ ತಾಯಿಯ ಗರ್ಭಕೊರಳನ್ನು ಯಾರಾದರೂ ಅಳೆದು ನೋಡಿದ್ದರೇ ಎಂದು ಕೇಳುವವರು ಅಪರೂಪ.

2020ರಲ್ಲಿ ಜಗತ್ತಿನಲ್ಲಿ 37 ವಾರ ತುಂಬುವ ಮೊದಲೇ ಹುಟ್ಟಿದ ಮಕ್ಕಳು ಸುಮಾರು 1 ಕೋಟಿ 34 ಲಕ್ಷ. ಅವರಲ್ಲಿ ಸುಮಾರು 30 ಲಕ್ಷ ಮಕ್ಕಳು ಭಾರತದವರು. ಬೇರಾವ ದೇಶದಲ್ಲಿಯೂ ಇಷ್ಟಿಲ್ಲ. ಇಷ್ಟೊಂದು ತಾಯಂದಿರ ಹಣೆಯ ಮೇಲೆ ಬ್ರಹ್ಮನು ಒಂದೇ ಬರಹ ಬರೆದನೆಂದು ನಂಬಬೇಕೇ?

ಗರ್ಭಕೋಶದ ಬಾಯಿಯನ್ನು ಚೀಲಕ್ಕೆ ಕಟ್ಟಿದ ದಾರದಂತೆ ಬಿಗಿಹಿಡಿದಿರುವ ಭಾಗವೇ ಗರ್ಭಕೊರಳು. 1996ರಲ್ಲಿ ಅಮೆರಿಕದ ವೈದ್ಯರು ಸುಮಾರು 2,900 ಬಸುರಿಯರಲ್ಲಿ ಇದನ್ನು ಅಳೆದು, ಕೊರಳು ಗಿಡ್ಡವಾದಷ್ಟೂ ದಿನ ತುಂಬದ ಹೆರಿಗೆಯ ಅಪಾಯ ಹೆಚ್ಚೆಂದು ತೋರಿಸಿಕೊಟ್ಟರು. 24 ವಾರದೊಳಗೆ 25 ಮಿಲಿಮೀಟರಿಗಿಂತ ಕಡಿಮೆಯಿದ್ದರೆ ಗಿಡ್ಡವೆಂದು ಲೆಕ್ಕ. ಬೆರಳಿನಿಂದ ಮುಟ್ಟಿ ನೋಡಿದರೆ ಒಳಬಾಯಿ ತೆರೆದದ್ದು ತಿಳಿಯದು. ಹೊಟ್ಟೆಯ ಮೇಲಿನ ಸ್ಕ್ಯಾನಿಂಗಿನಲ್ಲಿ, ಮೂತ್ರ ತುಂಬಿದ್ದರೆ, ಕೊರಳು ಇದ್ದುದಕ್ಕಿಂತ ಉದ್ದವಾಗಿ ಕಾಣಬಹುದು. ಯೋನಿಯ ಮೂಲಕ ಮಾಡುವ ಸ್ಕ್ಯಾನಿಂಗೇ ನೆಚ್ಚತಕ್ಕದ್ದು. ಅದಕ್ಕೆ ಕೆಲವೇ ನಿಮಿಷ ಸಾಕು.

ಅಳೆದು ಫಲವೇನು? ಫಲವುಂಟು. 2007ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಕೊರಳು 15 ಮಿಲಿಮೀಟರು ಅಥವಾ ಅದಕ್ಕೂ ಕಡಿಮೆಯಿದ್ದ ಬಸುರಿಯರಿಗೆ ಪ್ರೊಜೆಸ್ಟರಾನ್ ಗುಳಿಗೆಯನ್ನು ಯೋನಿಯಲ್ಲಿ ಇಡಲು ಕೊಟ್ಟಾಗ, 34 ವಾರಕ್ಕೆ ಮುಂಚಿನ ಹೆರಿಗೆ ನೂರಕ್ಕೆ 34 ಇದ್ದದ್ದು 19ಕ್ಕೆ ಇಳಿಯಿತು. ಹಿಂದೊಮ್ಮೆ ದಿನ ತುಂಬದೆ ಹೆತ್ತು, ಈಗ ಕೊರಳೂ ಗಿಡ್ಡವಾದವರಿಗೆ ಹೊಲಿಗೆ ಹಾಕುವ ಉಪಾಯವೂ ಇದೆ. ಆ ಹೊಲಿಗೆಯನ್ನು 1955ರಲ್ಲಿ ಲೋಕಕ್ಕೆ ತಿಳಿಸಿದವರು ಮುಂಬಯಿಯ ಡಾ. ವಿ. ಎನ್. ಶಿರೋಡ್ಕರ್. ನಮ್ಮ ನೆಲದ ವಿದ್ಯೆ ನಮ್ಮ ಕೂಲಿ ಹೆಂಗಸಿಗೇ ಎಟುಕದಿದ್ದರೆ ಅದರ ಹೆಮ್ಮೆ ಯಾರಿಗೆ?

ಈ ಅಳತೆ ಜ್ಯೋತಿಷವಲ್ಲ. ಕೊರಳು ಗಿಡ್ಡವಿದ್ದ ಅನೇಕರು ದಿನ ತುಂಬಿಯೇ ಹೆರುತ್ತಾರೆ. ಸರಿಯಿದ್ದವರಲ್ಲೂ ಕೆಲವರಿಗೆ ಮುಂಚೆಯೇ ನೋವು ಬರುತ್ತದೆ. ಹಸಿದವಳ ರಕ್ತಹೀನತೆಯನ್ನು ಯಾವ ಯಂತ್ರವೂ ಗುಣಪಡಿಸದು. ಆದರೆ ಎಲ್ಲರನ್ನೂ ಉಳಿಸಲಾಗದೆಂಬ ನೆಪದಿಂದ ಉಳಿಸಬಹುದಾದವರನ್ನೂ ಕೈಬಿಡುವುದು ಯಾವ ನ್ಯಾಯ? ಹಣವುಳ್ಳ ಮನೆಯ ಸೊಸೆಗೆ ಯಾರೂ ಈ ತರ್ಕ ಹೇಳುವುದಿಲ್ಲ.

2016ರಲ್ಲಿ ಆರಂಭವಾದ ಯೋಜನೆಯಂತೆ ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಉಚಿತ ತಪಾಸಣೆ ನಡೆಯಬೇಕು. ಅಂದು ತಾಲ್ಲೂಕು ಆಸ್ಪತ್ರೆಯಲ್ಲಿ, ಹಿಂದೆ ದಿನ ತುಂಬದೆ ಹೆತ್ತವರಿಂದಲೇ ಮೊದಲುಮಾಡಿ, ಈ ಅಳತೆಯೂ ಆಗಲಿ. ಪರದೆಯಿರಲಿ, ಜೊತೆಗೆ ನರ್ಸಮ್ಮ ಇರಲಿ, ಏತಕ್ಕೆಂದು ತಿಳಿಸಿ ಬಸುರಿಯ ಒಪ್ಪಿಗೆ ಪಡೆಯಲಿ. ಹೊರಗಿನ ಅಂಗಡಿಗೆ ಚೀಟಿ ಬರೆದುಕೊಡದೆ ಔಷಧವನ್ನು ಆಸ್ಪತ್ರೆಯಲ್ಲೇ ಕೊಡಲಿ. ಮತ್ತೆ ಮತ್ತೆ ತೋರಿಸಲು ಬರುವವಳಿಗೆ ಬಸ್ಸಿನ ಖರ್ಚನ್ನೂ ಆ ದಿನದ ಕೂಲಿಯನ್ನೂ ಸರ್ಕಾರ ಕಟ್ಟಿಕೊಡಲಿ.

ನಾವು ಕೇಳುತ್ತಿರುವುದು ದಾನವಲ್ಲ, ತಾಯಂದಿರ ಹಕ್ಕು.