ಜಾವಾ ಬೈಕಿನ ಸೀರೆ ಕಂಬಿ

ಈ ಬೇಸಿಗೆ ರಜೆಯಲ್ಲಿ ನಮ್ಮ ಮನೆಯಲ್ಲಿ ಎರಡು ದಿನ ತಾತ ಮೊಮ್ಮಗನ ನಡುವೆ ಮಾತುಕತೆ ನಿಂತುಹೋಗಿತ್ತು. ಕಾರಣ, ಹಿತ್ತಿಲಿನ ತಗಡಿನ ಮಾಡಿನ ಕೆಳಗೆ ಗೋಣಿಚೀಲ ಹೊದ್ದು ಮಲಗಿದ್ದ ನನ್ನ ಹಳೆಯ ಜಾವಾ ಮೋಟಾರ್ ಸೈಕಲ್ಲು. ಎಂಜಿನಿಯರಿಂಗ್ ಓದುತ್ತಿರುವ ಮೊಮ್ಮಗ ಅದನ್ನು ಮತ್ತೆ ಓಡುವಂತೆ ಮಾಡೋಣವೆಂದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ಮರುದಿನ ಬೆಳಿಗ್ಗೆ ಅವನು ಸ್ನೇಹಿತನ ಮನೆಯಿಂದ ಕಬ್ಬಿಣ ಕತ್ತರಿಸುವ ಗ್ರೈಂಡರ್ ಯಂತ್ರವನ್ನು ತಂದಾಗಲಷ್ಟೇ ಅವನ ಮನಸ್ಸಿನಲ್ಲಿದ್ದುದು ಏನೆಂದು ತಿಳಿಯಿತು. ಚಾಸಿಯ ಹಿಂಭಾಗವನ್ನು ಕತ್ತರಿಸಿ, ಮಡ್‌ಗಾರ್ಡ್ ತೆಗೆದು, ಒಬ್ಬರೇ ಕೂರುವ ಸಣ್ಣ ಸೀಟು ಹಾಕಿ, ಹ್ಯಾಂಡಲನ್ನು ತಗ್ಗಿಸುವುದು. ಇದಕ್ಕೆ 'ಕೆಫೆ ರೇಸರ್' ಎಂದು ಹೆಸರಂತೆ. "ನಾನು ಬದುಕಿರುವಷ್ಟು ದಿನ ಅದರ ಮೈಗೆ ಗ್ರೈಂಡರ್ ತಾಗಕೂಡದು" ಎಂದುಬಿಟ್ಟೆ. ಹೇಳಿದ ರೀತಿ ಒರಟಾಯಿತು. ಮೂವತ್ತೈದು ವರ್ಷ ಮಕ್ಕಳಿಗೆ ಪಾಠ ಹೇಳಿದವನಿಗೆ ಇನ್ನಷ್ಟು ತಾಳ್ಮೆ ಇರಬೇಕಿತ್ತು.

ಈ ಗಾಡಿಯ ಪೂರ್ವೋತ್ತರವನ್ನು ಸ್ವಲ್ಪ ಹೇಳಬೇಕು. ಜೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಪರವಾನಗಿ ಪಡೆದು ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಮೋಟಾರ್ ಸೈಕಲ್ ತಯಾರಿಕೆ ಆರಂಭಿಸಿತು. ಜಾನೆಚೆಕ್ ಮತ್ತು ವಾಂಡರರ್ ಎಂಬೆರಡು ಹೆಸರುಗಳ ಮೊದಲ ಅಕ್ಷರಗಳು ಕೂಡಿ 'ಜಾವಾ' ಆದದ್ದು. ಇಂಡೋನೇಷ್ಯಾದ ದ್ವೀಪಕ್ಕೂ ಇದಕ್ಕೂ ಸಂಬಂಧವಿಲ್ಲ (ನಾನೇ ಬಹುಕಾಲ ಹಾಗೆ ತಿಳಿದಿದ್ದೆ). 1973ರಿಂದ ಅದೇ ಕಾರ್ಖಾನೆಯ ಗಾಡಿಗಳು 'ಯೆಜ್ಡಿ' ಎಂಬ ಹೆಸರಿನಲ್ಲಿ ಹೊರಬಂದವು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಯಾದವಗಿರಿಯ ಆ ಗೇಟಿನಿಂದ ಸಂಜೆ ಕೆಲಸ ಬಿಟ್ಟು ಬರುತ್ತಿದ್ದ ಕಾರ್ಮಿಕರ ಸೈಕಲ್ಲುಗಳ ಸಾಲು ನನ್ನ ವಯಸ್ಸಿನ ಮೈಸೂರಿನವರಿಗೆ ಮರೆಯುವಂಥದ್ದಲ್ಲ.

ನನ್ನದು 1968ರ ಗಾಡಿ. ನಾನು ಅದನ್ನು ಕೊಂಡದ್ದು 1977ರಲ್ಲಿ, ಎರಡನೆಯ ಕೈಯಿಂದ, ನನ್ನ ಆರು ತಿಂಗಳ ಸಂಬಳಕ್ಕೆ ಸಮನಾದ ಬೆಲೆ ಕೊಟ್ಟು. ಆಗ ನಂಜನಗೂಡು ತಾಲ್ಲೂಕಿನ ಹಳ್ಳಿಯೊಂದರ ಪ್ರೌಢಶಾಲೆಯಲ್ಲಿ ಕೆಲಸ. ಬಸ್ಸು ದಿನಕ್ಕೆ ಎರಡೇ. 250 ಸಿ.ಸಿ.ಯ ಟು ಸ್ಟ್ರೋಕ್ ಎಂಜಿನ್, ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್, ಮೊಳೆಯಂಥ ಕೀಲಿಕೈ, ಕಿಕ್ಕರೂ ಗೇರೂ ಒಂದೇ ಸನ್ನೆ. ಅದನ್ನು ಒಳಕ್ಕೆ ಒತ್ತಿ ಮೇಲೆತ್ತಿದರೆ ಕಿಕ್ಕರ್, ಗಾಡಿ ಹೊರಟ ಮೇಲೆ ಅದೇ ಗೇರು. ಗೇರಿನ ಸನ್ನೆಯನ್ನು ಕಾಲಿನಿಂದ ಒತ್ತಿದರೆ ಕ್ಲಚ್ಚು ತಾನೇ ಬಿಡುತ್ತಿತ್ತು. ಆದ್ದರಿಂದ ಕೈಗೆ ಕೆಲಸ ಕಡಿಮೆ. ಬಂಕಿನಲ್ಲಿ ಲೀಟರು ಪೆಟ್ರೋಲಿಗೆ 40 ಮಿಲಿಲೀಟರ್ ಆಯಿಲ್ ಬೆರೆಸಿ ಹಾಕಿಸಬೇಕಿತ್ತು. ನಾನು ಶಾಲೆಗೆ ಬರುವ ಸುದ್ದಿ ನನಗಿಂತ ಮೊದಲೇ ಶಾಲೆ ಮುಟ್ಟುತ್ತಿತ್ತು. ಹೊರಗೆ ಆಡುತ್ತಿದ್ದ ಮಕ್ಕಳು ಆ ಸದ್ದಿಗೆ ಓಡಿಹೋಗಿ ಪುಸ್ತಕ ಬಿಚ್ಚುತ್ತಿದ್ದರು.

ಇಂಥ ಗಾಡಿಗಳನ್ನು ಮತ್ತೆ ಎಬ್ಬಿಸುವ ಹವ್ಯಾಸ ಈಗ ನಮ್ಮ ನಾಡಿನಲ್ಲಿ ಬಹಳ ಬೆಳೆದಿದೆ. ಪ್ರತಿವರ್ಷ ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ ಯೆಜ್ಡಿ ದಿನವೆಂದು ಊರೂರುಗಳಲ್ಲಿ ಸೇರುವವರನ್ನು ನೋಡಿದರೆ ಸಂತೋಷವಾಗುತ್ತದೆ. ಆದರೆ ಈ ಕೆಲಸದಲ್ಲಿ ಎರಡು ಪಂಥಗಳಿವೆ, ಎರಡರ ಮೇಲೂ ನನಗೆ ತಕರಾರಿದೆ.

ಒಂದು ಪಂಥದವರು ಎಲ್ಲವನ್ನೂ ಕಾರ್ಖಾನೆಯಿಂದ ಬಂದ ದಿನ ಇದ್ದಂತೆಯೇ ಮಾಡಬೇಕೆನ್ನುವವರು. 2012ರಲ್ಲಿ ನಾನೂ ಈ ಮೋಹಕ್ಕೆ ಬಿದ್ದು ನಗರದ ವರ್ಕ್‌ಶಾಪೊಂದಕ್ಕೆ ಗಾಡಿಯನ್ನು ಕೊಟ್ಟೆ. ನಾಲ್ಕು ತಿಂಗಳಾದ ಮೇಲೆ ಬಂದದ್ದು ಮದುಮಗನಂತೆ ಮಿನುಗುವ ಒಂದು ವಸ್ತು. ಟ್ಯಾಂಕಿನ ಎರಡು ಬದಿಯ ಕ್ರೋಮನ್ನು ಉಜ್ಜಿ ತೆಗೆದು ಪೂರ್ತಿ ಬಣ್ಣ ಬಳಿದಿದ್ದರು. ಮನೆಗೆ ತಂದು ಬಗ್ಗಿ ನೋಡಿದರೆ ಮೂಲ ಕಾರ್ಬ್ಯುರೇಟರ್ ಮಾಯವಾಗಿ ಅದರ ಜಾಗದಲ್ಲಿ ಬೇರೆ ಯಾವುದೋ ಕುಳಿತಿತ್ತು. ಕೇಳಿದ್ದಕ್ಕೆ "ಹಳೇದು ಕೆಟ್ಟಿತ್ತು ಸಾರ್, ಗುಜರಿಗೆ ಹಾಕಿದೆವು" ಎಂಬ ಉತ್ತರ. ಎಂಜಿನ್ನಿನ ಒಳಗೆ ಮಾತ್ರ ಯಾರೂ ಕೈಯಿಟ್ಟಿರಲಿಲ್ಲ. ಆರು ತಿಂಗಳಲ್ಲಿ ಗಾಡಿ ನಿಂತಿತು, ಗೋಣಿಚೀಲ ಹೊದ್ದಿತು.

'ಜೀರ್ಣೋದ್ಧಾರ' ಎಂಬ ಪದವನ್ನು ತರಗತಿಯಲ್ಲಿ ಗುಣಸಂಧಿಗೆ ಉದಾಹರಣೆಯಾಗಿ ಎಷ್ಟು ಸಲ ಬಿಡಿಸಿ ಬರೆಸಿದ್ದೇನೋ ಲೆಕ್ಕವಿಲ್ಲ. ಜೀರ್ಣ, ಉದ್ಧಾರ. ಜೀರ್ಣವಾದುದನ್ನು ಮೇಲೆತ್ತುವುದು ಎಂದಷ್ಟೇ ಅದರ ಅರ್ಥ. ಅದನ್ನು ಅಳಿಸಿ ಹೊಸದನ್ನು ನಿಲ್ಲಿಸು ಎಂದಲ್ಲ. ನಮ್ಮ ಎಷ್ಟೋ ಊರುಗಳಲ್ಲಿ ಹೊಯ್ಸಳರ ಕಾಲದ ಕಲ್ಲುಕಂಬಗಳಿಗೆ ಆಯಿಲ್ ಪೇಂಟ್ ಬಳಿದು ಜೀರ್ಣೋದ್ಧಾರ ಮಾಡಿದೆವೆಂದು ಫಲಕ ಹಾಕಿಸಿದ್ದಾರೆ. ನನ್ನ ಗಾಡಿಗೂ ಅದೇ ಗತಿಯಾಗಿತ್ತು.

ಆ ವರ್ಕ್‌ಶಾಪಿನವರು ಇನ್ನೊಂದು ಮಾತು ಹೇಳಿದ್ದರು. ಹಿಂದಿನ ಚಕ್ರದ ಎಡಬದಿಗೆ ಬೆಸುಗೆ ಹಾಕಿದ ಕಬ್ಬಿಣದ ಕಂಬಿಯೊಂದಿದೆ. ಅದು ಕಂಪನಿಯದಲ್ಲ, ಕತ್ತರಿಸಿಬಿಡುತ್ತೇವೆ ಎಂದು. ನಾನು ಒಪ್ಪಲಿಲ್ಲ. ಆ ಕಂಬಿ ನಾನು 1979ರಲ್ಲಿ ಮಾಡಿಸಿದ್ದು. ಆ ವರ್ಷ ನಂಜನಗೂಡಿನ ದೊಡ್ಡ ಜಾತ್ರೆ ಮುಗಿಸಿ ಹಿಂದಿರುಗುವಾಗ ಹಿಂದೆ ಒಂದು ಬದಿಗೆ ಕುಳಿತಿದ್ದ ನನ್ನ ಹೆಂಡತಿಯ ಸೆರಗು ಚಕ್ರದ ಕಡ್ಡಿಗಳಿಗೆ ಸಿಕ್ಕಿಕೊಂಡಿತು. ರಸ್ತೆಯಲ್ಲಿ ಜನಸಂದಣಿಯಿದ್ದುದರಿಂದ ವೇಗ ಕಡಿಮೆಯಿತ್ತು. ಅವಳು ಬಿದ್ದಳು, ಮೊಣಕೈ ತರಚಿತು, ಧಾರೆಯ ಸೀರೆ ಹರಿಯಿತು. ಅಷ್ಟಕ್ಕೇ ಮುಗಿದದ್ದು ನಮ್ಮ ಪುಣ್ಯ. ಆಗ ಅವಳು ಐದು ತಿಂಗಳ ಗರ್ಭಿಣಿ. ಮಾರನೆಯ ದಿನವೇ ನಾನು ಗಾಡಿಯನ್ನು ಕುಲುಮೆಗೆ ಒಯ್ದು, ಎತ್ತಿನಗಾಡಿಗೆ ಪಟ್ಟಿ ಕಟ್ಟುತ್ತಿದ್ದ ಕಮ್ಮಾರನಿಂದಲೇ ಕಂಬಿ ಬಗ್ಗಿಸಿ, ಪೇಟೆಯಲ್ಲಿ ಬೆಸುಗೆ ಹಾಕಿಸಿದೆ. ಅದು ನೋಡಲು ಅಂದವಾಗಿಲ್ಲ. ದನದ ಕೊಟ್ಟಿಗೆಯ ಕಿಟಕಿಯಂತಿದೆ.

ಇನ್ನೊಂದು ಪಂಥ ನನ್ನ ಮೊಮ್ಮಗನದು. ಹಳೆಯ ಗಾಡಿಯನ್ನು ಬರಿಯ ಕಚ್ಚಾಮಾಲೆಂದು ಭಾವಿಸುವುದು. ಮಡ್‌ಗಾರ್ಡ್ ಕಳಚಿದರೆ ಮಳೆಗಾಲದಲ್ಲಿ ಕೆಸರೆಲ್ಲ ಸವಾರನ ಬೆನ್ನಿಗೆ ಎಂಬುದನ್ನು ಚಿತ್ರಗಳಲ್ಲಿ ತೋರಿಸುವುದಿಲ್ಲ. ಸೈಲೆನ್ಸರಿನ ಒಳಗಿನ ತೂತುಕೊಳವೆಯನ್ನು ಎಳೆದು ಬಿಸಾಡಿದರೆ ಶಕ್ತಿ ಹೆಚ್ಚುತ್ತದೆಂಬ ನಂಬಿಕೆಯೂ ಇದೆ. ಟು ಸ್ಟ್ರೋಕ್ ಎಂಜಿನ್ನಿಗೆ ಹೊಗೆಯ ಕೊಳವೆಯೂ ಒಂದು ಅಂಗವೇ. ಸುಡದೆ ಉಳಿದ ಮಿಶ್ರಣ ಹೊಗೆಯೊಡನೆ ಜಾರಿಹೋಗದಂತೆ ಕೊಳವೆಯೊಳಗಿನ ಒತ್ತಡದ ಅಲೆಗಳು ಒಂದಿಷ್ಟು ಹಿಂದಕ್ಕೆ ತಳ್ಳುತ್ತವೆ. ಅದನ್ನು ತೆಗೆದವನಿಗೆ ದಕ್ಕುವುದು ಸದ್ದು ಮಾತ್ರ. ಪಕ್ಕದ ಮನೆಯಲ್ಲಿ ಹಾಸಿಗೆ ಹಿಡಿದವರಿದ್ದಾರೆ ಎಂಬುದು ಆ ಸದ್ದಿಗೆ ಗೊತ್ತಾಗುವುದಿಲ್ಲ. ಚಾಸಿಯನ್ನು ಕತ್ತರಿಸುವುದಂತೂ ಅಪಾಯ. ಅದು ಇಬ್ಬರ ಭಾರವನ್ನೂ ಗುಂಡಿಗಳ ಏಟನ್ನೂ ಲೆಕ್ಕ ಹಾಕಿ ಮಾಡಿದ್ದು. ಕಾನೂನೂ ಒಪ್ಪುವುದಿಲ್ಲ. ತಯಾರಕರು ನಿಗದಿಪಡಿಸಿದ ಮೂಲ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಬದಲಾಯಿಸಕೂಡದೆಂದು 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮು ಹೇಳುತ್ತದೆ. ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಇದನ್ನು ಮತ್ತೆ ಎತ್ತಿಹಿಡಿಯಿತು.

ಇದನ್ನೆಲ್ಲ ಮೂರನೆಯ ದಿನ ಮೊಮ್ಮಗನನ್ನು ಕೂರಿಸಿಕೊಂಡು ವಿವರಿಸಿದೆ. ಅವನು ತಾಳ್ಮೆಯಿಂದ ಕೇಳಿ, ಒಂದೇ ಪ್ರಶ್ನೆ ಹಾಕಿದ. "ತಾತ, ಹಾಗಾದರೆ ನೀವು ಬೆಸುಗೆ ಹಾಕಿಸಿದ ಆ ಕಂಬಿ? ಅದು ಮಾರ್ಪಾಡಲ್ಲವೇ?"

ನನ್ನಲ್ಲಿ ತಕ್ಷಣಕ್ಕೆ ಉತ್ತರವಿರಲಿಲ್ಲ. ಬಾಗಿಲಲ್ಲಿ ಸೊಪ್ಪು ಬಿಡಿಸುತ್ತಿದ್ದ ನನ್ನವಳು, "ಅದು ನನಗೋಸ್ಕರ ಮಾಡಿಸಿದ್ದು ಕಣೋ. ನೀನು ಕತ್ತರಿಸ್ತೀನಿ ಅಂತಿರೋದು ಯಾರಿಗೋಸ್ಕರ?" ಎಂದಳು. ಹುಡುಗ ನಕ್ಕುಬಿಟ್ಟ. ಆಮೇಲೆ ನಾನು ಪುಸ್ತಕ ತೆಗೆದು ನೋಡಿದೆ. ಹಿಂದೆ ಕುಳಿತವರ ಬಟ್ಟೆ ಚಕ್ರಕ್ಕೆ ಸಿಕ್ಕದಂತೆ ಹಿಂದಿನ ಚಕ್ರದ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಭಾಗಕ್ಕೆ ರಕ್ಷಣೆಯಿರಲೇಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮ ವಿಧಿಸಿದೆ. ನಮ್ಮ ಕಮ್ಮಾರ ಹತ್ತು ವರ್ಷ ಮೊದಲೇ ಅದನ್ನು ಪಾಲಿಸಿದ್ದ.

ಆದರೂ ಹುಡುಗನ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಅಗತ್ಯಕ್ಕೆ ಮಾಡಿದ ಬದಲಾವಣೆಯನ್ನು ನಾನು ಒಪ್ಪುವುದಾದರೆ ಅವನ ಕಾಲದ ಅಗತ್ಯಗಳನ್ನೂ ಒಪ್ಪಬೇಕಾಗುತ್ತದೆ. ಅವನ ಮೊದಲ ಬೇಡಿಕೆ ವಿದ್ಯುತ್ತಿನದು. ಈ ಗಾಡಿಗೆ ಇದ್ದುದು 6 ವೋಲ್ಟಿನ ಡೈನಮೋ. ರಾತ್ರಿ ಅದರ ಬೆಳಕೆಂದರೆ ದೇವರ ಮುಂದಿನ ನಂದಾದೀಪ. ಎದುರಿನವರಿಗೆ ನಾವು ಕಾಣುತ್ತೇವೆ, ನಮಗೆ ದಾರಿ ಕಾಣುವುದಿಲ್ಲ. 12 ವೋಲ್ಟಿಗೆ ಬದಲಿಸುವ ಆಲ್ಟರ್ನೇಟರ್ ಜೋಡಣೆಗಳು ಈಗ ಸಿಗುತ್ತವೆ. ಮೊದಲು ಬೇಡವೆಂದವನು ಎರಡು ರಾತ್ರಿ ಯೋಚಿಸಿ ಹೂಂ ಎಂದೆ. ಈಗಿನ ಹೆದ್ದಾರಿಯ ಲಾರಿಗಳ ನಡುವೆ ಮೂಲರೂಪವೆಂದು ಹಟ ಹಿಡಿದು ಕತ್ತಲಲ್ಲಿ ಹೋಗೆಂದು ಮೊಮ್ಮಗನಿಗೆ ಹೇಳುವುದಾದರೂ ಹೇಗೆ? ಒಂದೇ ಷರತ್ತು: ಬೋಲ್ಟು ಬಿಚ್ಚಿದರೆ ಹಳೆಯದನ್ನು ಮತ್ತೆ ಕೂರಿಸುವಂತಿರಬೇಕು. ಡೈನಮೋಗೆ ಗ್ರೀಸು ಸವರಿ, ಬಟ್ಟೆಯಲ್ಲಿ ಸುತ್ತಿ, ಹಾರ್ಲಿಕ್ಸ್ ಡಬ್ಬಿಗಳಿರುವ ಅಟ್ಟದ ಮೇಲೆ ಇಟ್ಟಿದ್ದೇವೆ.

ಅಲ್ಲಿಂದ ಮುಂದಿನ ನಾಲ್ಕು ವಾರ ನನ್ನ ನಿವೃತ್ತಿ ಜೀವನದ ಅತ್ಯಂತ ಸುಖದ ದಿನಗಳು. ಬಿಚ್ಚಿದ ಪ್ರತಿ ಭಾಗದ ಚಿತ್ರವನ್ನು ಮೊಮ್ಮಗ ಮೊಬೈಲಿನಲ್ಲಿ ತೆಗೆಯುತ್ತಿದ್ದ, ನಾನು ಹಳೆಯ ಹಾಜರಿ ಪುಸ್ತಕದಲ್ಲಿ ಹೆಸರು ಬರೆದುಕೊಂಡು ತಿರುಪುಗಳನ್ನು ಲಕೋಟೆಗಳಿಗೆ ಹಾಕುತ್ತಿದ್ದೆ. ಎಂಜಿನ್ ಬಿಚ್ಚಿದಾಗ 2012ರ ರೋಗದ ಮೂಲ ಸಿಕ್ಕಿತು. ಟು ಸ್ಟ್ರೋಕ್ ಎಂಜಿನ್ನಿನಲ್ಲಿ ಪೆಟ್ರೋಲು ಗಾಳಿಯ ಮಿಶ್ರಣ ಮೊದಲು ಕ್ರ್ಯಾಂಕಿನ ಕೋಣೆಯೊಳಗೆ ಹೋಗಿ ಅಲ್ಲಿ ಒತ್ತಡಕ್ಕೊಳಗಾಗಿ ಮೇಲೇರಬೇಕು. ಕ್ರ್ಯಾಂಕಿನ ಎರಡು ತುದಿಯ ಆಯಿಲ್ ಸೀಲುಗಳು ವರ್ಷಗಟ್ಟಲೆ ನಿಂತು ಗಟ್ಟಿಯಾಗಿ ಬಿರಿದರೆ ಒಂದು ಕಡೆಯಿಂದ ಹೊರಗಾಳಿ ನುಗ್ಗುತ್ತದೆ, ಇನ್ನೊಂದು ಕಡೆಯಿಂದ ಗೇರ್ ಆಯಿಲ್ ಒಳಸೇರಿ ಬಿಳಿ ಹೊಗೆ ಬರುತ್ತದೆ. ಗಾಳಿ ಹೆಚ್ಚಾದರೆ ಎಂಜಿನ್ ಕಾದು ಪಿಸ್ಟನ್ ಕಚ್ಚಿಕೊಳ್ಳುತ್ತದೆ. ನಮ್ಮದರಲ್ಲಿ ಎರಡೂ ಆಗಿತ್ತು. ಕೆಲವು ನೂರು ರೂಪಾಯಿಯ ರಬ್ಬರಿನ ಬಳೆಗಳನ್ನು ಬದಲಿಸುವ ಬದಲು ಆ ಪುಣ್ಯಾತ್ಮರು ಸಾವಿರಾರು ರೂಪಾಯಿಯ ಬಣ್ಣ ಬಳಿದಿದ್ದರು! ಸಿಲಿಂಡರನ್ನು ಲೇತ್ ಅಂಗಡಿಯಲ್ಲಿ ಬೋರ್ ಮಾಡಿಸಿ ಅಳತೆಗೆ ದೊಡ್ಡ ಪಿಸ್ಟನ್ ಹಾಕಿದೆವು. ಹೊಗೆ ದ್ವಾರಗಳ ಕಪ್ಪನ್ನು ಮರದ ಚೂಪಿನಿಂದ ಕೆರೆದೆವು. ಕಬ್ಬಿಣ ತಾಗಿಸಿದರೆ ಗೀರು ಬೀಳುತ್ತದೆ. ಪೆಟ್ರೋಲಿನ ರಬ್ಬರ್ ಕೊಳವೆಗಳನ್ನು ಹೊಸದಾಗಿ ಹಾಕಿದೆವು. ಈಗಿನ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥನಾಲ್ ಇರುವುದರಿಂದ ಅದು ನೀರಿನ ಪಸೆಯನ್ನು ಹೀರುತ್ತದೆ, ಹಳೆಯ ರಬ್ಬರನ್ನು ತಿನ್ನುತ್ತದೆ. ಗಾಡಿ ನಿಲ್ಲಿಸುವ ಮೊದಲು ಟ್ಯಾಂಕನ್ನು ಬರಿದು ಮಾಡುವುದು ಇಂಥ ಹಳೆಯ ಗಾಡಿಯವರಿಗೆ ಅನಿವಾರ್ಯ.

ಐವತ್ತು ವರ್ಷ ದಾಟಿದ ವಾಹನಗಳಿಗೆ 2021ರಲ್ಲಿ ಬಂದ ನಿಯಮದಂತೆ 'ವಿಂಟೇಜ್' ನೋಂದಣಿ ಮಾಡಿಸಿ, ಬೆಲೆ ಏರುತ್ತದೆ ಎಂದು ಗೆಳೆಯರೊಬ್ಬರ ಸಲಹೆ. ಆ ನೋಂದಣಿ ಪಡೆದ ಗಾಡಿಯನ್ನು ಪ್ರದರ್ಶನಕ್ಕೋ ರ್‍ಯಾಲಿಗೋ ಒಯ್ಯಬಹುದಷ್ಟೇ, ದಿನನಿತ್ಯ ಓಡಿಸುವಂತಿಲ್ಲ. ತರಕಾರಿಗೆ ಹೋಗಲಾಗದ ಬೈಕು ನನಗೇಕೆ? ಬೇಡವೆಂದೆ.

ಮೇ ತಿಂಗಳ ಕೊನೆಯ ವಾರದ ಒಂದು ಸಂಜೆ, ಮೊಮ್ಮಗ ಹನ್ನೊಂದನೆಯ ಸಲ ಕಿಕ್ಕರ್ ಒದ್ದಾಗ ಎಂಜಿನ್ ಕೆಮ್ಮಿ, ನಿಂತು, ಮತ್ತೆ ಕೆಮ್ಮಿ ಹಿಡಿಯಿತು. ಹಿತ್ತಿಲೆಲ್ಲ ನೀಲಿ ಹೊಗೆ. ಪಕ್ಕದ ಮನೆಯವರು ಕಿಟಕಿ ತೆರೆದು ನೋಡಿ ಮುಚ್ಚಿಕೊಂಡರು. ನನ್ನವಳು ಒಳಗಿನಿಂದಲೇ, "ರೀ, ಇನ್ನು ಪಾಠ ಶುರುವಾಯಿತು, ಮಕ್ಕಳೆಲ್ಲ ಒಳಗೆ ಬನ್ನಿ" ಎಂದು ಕೂಗಿದಳು.

ಹುಡುಗ ಕಾಲೇಜಿಗೆ ಹಿಂದಿರುಗುವ ಮುನ್ನ ಸೀರೆ ಕಂಬಿಗೆ ಎಮರಿ ಕಾಗದ ತಿಕ್ಕಿ, ತುಕ್ಕು ತೆಗೆದು, ಕಪ್ಪು ಬಣ್ಣ ಹೊಡೆದ. ಅದರ ಸೊಟ್ಟವನ್ನು ಹಾಗೆಯೇ ಬಿಟ್ಟಿದ್ದಾನೆ. ಟ್ಯಾಂಕಿನ ಬದಿಗಳಿಗೆ ಮತ್ತೆ ಕ್ರೋಮ್ ಮಾಡಿಸುವುದೋ ಬೇಡವೋ ಎಂಬ ಚರ್ಚೆ ಫೋನಿನಲ್ಲಿ ಇನ್ನೂ ನಡೆಯುತ್ತಿದೆ. ಮುಂದಿನ ಬ್ರೇಕಿಗೆ ಹೊಸ ಲೈನರ್ ಅಂಟಿಸಲು ಕೊಟ್ಟಿದ್ದೇವೆ, ಅದು ಬರುವವರೆಗೆ ಗಾಡಿ ನಮ್ಮ ಬೀದಿ ದಾಟುವಂತಿಲ್ಲ.