ಮನಸ್ಸು ಬರಲಿ ಎಂದು ಕಾಯುವುದು ಬೇಡ, ಹೊತ್ತು ಗೊತ್ತುಮಾಡೋಣ

"ವ್ಯಾಯಾಮವೆಲ್ಲ ಕುಳಿತು ಉಣ್ಣುವವರಿಗೆ. ಬೆಳಗಿನಿಂದ ಕೊಟ್ಟಿಗೆಯಲ್ಲಿ ದುಡಿಯುವ ನಮಗೇಕೆ?" ಮಿರ್ಜಾನ ಸುತ್ತಮುತ್ತಲಿನ ನಮ್ಮ ಹೈನುಗಾರ ಅಕ್ಕ-ತಂಗಿಯರ ಮುಂದೆ ಈ ವಿಷಯ ಎತ್ತಿದರೆ ಸಿಗುವ ಮೊದಲ ಉತ್ತರ ಇದು. ಎರಡನೆಯ ಉತ್ತರ, "ಮಾಡಬೇಕು ಅನ್ನಿಸುತ್ತದೆ, ಆದರೆ ಮನಸ್ಸೇ ಬರುವುದಿಲ್ಲ." ಎರಡೂ ಸುಳ್ಳಲ್ಲ. ಆದರೆ ಎರಡನ್ನೂ ಸ್ವಲ್ಪ ಯೋಚಿಸಿ ನೋಡಬೇಕು.

ಕೊಟ್ಟಿಗೆಯ ಕೆಲಸ ಶ್ರಮದ ಕೆಲಸವೇ. ಸಗಣಿ ಬಾಚುವುದು, ಹುಲ್ಲಿನ ಹೊರೆ ಹೊರುವುದು, ನೀರು ಎತ್ತುವುದು, ಇವು ಯಾವ ವ್ಯಾಯಾಮಕ್ಕೂ ಕಡಿಮೆಯಲ್ಲ. ಆದರೆ ಈ ಕೆಲಸದ ಸ್ವರೂಪ ಬದಲಾಗಿದೆ. ಹಿಂದೆ ದನ ಬಿಟ್ಟುಕೊಂಡು ಬೆಟ್ಟಕ್ಕೆ ಹೋಗುವುದಿತ್ತು, ಸೊಪ್ಪಿಗೆ, ಕರಡಕ್ಕೆ ಮೈಲುಗಟ್ಟಲೆ ನಡೆಯುವುದಿತ್ತು. ಈಗ ಮಿಶ್ರತಳಿ ಹಸು ಕೊಟ್ಟಿಗೆಯಲ್ಲೇ ನಿಂತಿರುತ್ತದೆ, ಪಶು ಆಹಾರದ ಚೀಲ ಗಾಡಿಯಲ್ಲಿ ಮನೆಗೆ ಬರುತ್ತದೆ, ಹಾಲಿನ ಕ್ಯಾನು ಎಷ್ಟೋ ಮನೆಗಳಿಂದ ಸ್ಕೂಟರಿನಲ್ಲಿ ಡೇರಿಗೆ ಹೋಗುತ್ತದೆ. ನಡಿಗೆ ಹೋಯಿತು, ಬಗ್ಗುವುದು ಮಾತ್ರ ಉಳಿಯಿತು. ಕುಕ್ಕರಗಾಲಲ್ಲಿ ಕುಳಿತು ಹಾಲು ಕರೆಯುವುದು, ಬಗ್ಗಿ ಗುಡಿಸುವುದು, ಬಗ್ಗಿ ತೊಳೆಯುವುದು. ದಿನವೂ ಒಂದೇ ದಿಕ್ಕಿಗೆ ಬಾಗುವ ಮೈಗೆ ನೆಟ್ಟಗೆ ನಿಂತು ಕೈಬೀಸಿ ನಡೆಯುವ ಹೊತ್ತು ಬೇಕು. ಅದು ಕೆಲಸದ ಮೇಲೆ ಇನ್ನೊಂದು ಕೆಲಸವಲ್ಲ, ಕೆಲಸ ಕೊಡದೇ ಇರುವುದನ್ನು ಮೈಗೆ ಕೊಡುವುದು.

ಹಸುವಿನ ವಿಷಯದಲ್ಲಿ ಈ ಮಾತು ನಮಗೆ ಚೆನ್ನಾಗಿ ಗೊತ್ತು. ಸದಾ ಕಟ್ಟಿಹಾಕಿದ ಹಸುವಿನ ಗೊರಸು ಬೆಳೆಯುತ್ತದೆ, ಕೀಲು ಬಿಗಿಯುತ್ತದೆ, ಬೆದೆಯ ಲಕ್ಷಣವೂ ಸರಿಯಾಗಿ ಕಾಣುವುದಿಲ್ಲ. ಅದಕ್ಕೇ ದಿನಕ್ಕೆ ಸ್ವಲ್ಪ ಹೊತ್ತಾದರೂ ಬಿಡಿ ಎಂದು ಪಶುವೈದ್ಯರು ಹೇಳುತ್ತಾರೆ, ನಾವು ಬಿಡುತ್ತೇವೆ. ಹಗ್ಗ ಬಿಚ್ಚುವ ಕೈಗೆ ತನ್ನ ಮೈಯ ನೆನಪೂ ಇರಬೇಕಲ್ಲವೇ?

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷದ ಬಿರುಸು ನಡಿಗೆಯಂಥ ಚಟುವಟಿಕೆ ಬೇಕು, ಜೊತೆಗೆ ವಾರದಲ್ಲಿ 2 ದಿನ ಸ್ನಾಯು ಬಲಪಡಿಸುವ ವ್ಯಾಯಾಮ. ದಿನಕ್ಕೆ ಲೆಕ್ಕ ಹಾಕಿದರೆ ಇಪ್ಪತ್ತು ನಿಮಿಷಕ್ಕಿಂತ ತುಸು ಹೆಚ್ಚು. ಅದನ್ನು ಒಂದೇ ಸಲ ಮಾಡಬೇಕೆಂದೂ ಇಲ್ಲ, ಬೆಳಿಗ್ಗೆ ಹತ್ತು, ಸಂಜೆ ಹತ್ತು ಆದರೂ ಲೆಕ್ಕಕ್ಕೆ ಬರುತ್ತದೆ. 2024ರಲ್ಲಿ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಪತ್ರಿಕೆಯಲ್ಲಿ ಬಂದ ಅಂದಾಜಿನಂತೆ, ನಮ್ಮ ದೇಶದ ವಯಸ್ಕ ಪುರುಷರಲ್ಲಿ ಶೇ. 42, ಮಹಿಳೆಯರಲ್ಲಿ ಶೇ. 57 ಮಂದಿಗೆ ಇಷ್ಟು ಚಟುವಟಿಕೆ ಇಲ್ಲ. ಹೆಂಗಸರೇ ಹಿಂದೆ. ನಡಿಗೆಯಿಂದ ರಕ್ತದ ಸಕ್ಕರೆ ಮತ್ತು ಒತ್ತಡ ಹತೋಟಿಗೆ ಬರಲು ಸಹಾಯವಾಗುತ್ತದೆ. ಮುಟ್ಟು ನಿಂತ ಮೇಲೆ ಸವೆಯುವ ಮೂಳೆಗೂ ಅದು ಆಧಾರ. ಮಂಡಿ ಹೋದರೆ ಹಾಲು ಕರೆಯುವವರು ಯಾರು? ಮನೆಯ ಹಾಲಿನ ಬಿಲ್ಲು ನಿಂತಿರುವುದು ಆ ಮಂಡಿಯ ಮೇಲೆಯೇ.

ಇನ್ನು "ಮನಸ್ಸು ಬರುವುದಿಲ್ಲ" ಎಂಬ ಮಾತು. ಮುಂಜಾನೆ ಹಾಲು ಕರೆಯಲು ನಮಗೆ ದಿನವೂ ಮನಸ್ಸು ಬರುತ್ತದೆಯೇ? ಮಳೆಗಾಲದ ಚಳಿಗೆ, ಮೈಕೈ ನೋವಿದ್ದ ದಿನ ಖಂಡಿತ ಬರುವುದಿಲ್ಲ. ಆದರೂ ಏಳುತ್ತೇವೆ. ಏಕೆಂದರೆ ಹಸು ಕೂಗುತ್ತದೆ, ಡೇರಿಯ ಬಾಗಿಲಿಗೆ ಒಂದು ಹೊತ್ತು ಇದೆ, ಪಕ್ಕದ ಮನೆಯವಳು ಕ್ಯಾನು ಹಿಡಿದು ಹೊರಟಿರುತ್ತಾಳೆ. ನಮ್ಮನ್ನು ಎಬ್ಬಿಸುವುದು ಹೊತ್ತು ಮತ್ತು ಜೊತೆ. ಈ ಎರಡೂ ವ್ಯಾಯಾಮಕ್ಕೆ ಸಿಕ್ಕರೆ ಸಾಕು. ಮನಸ್ಸು ಆಮೇಲೆ ಹಿಂದಿನಿಂದ ಬರುತ್ತದೆ.

ಜೊತೆ ಬೇಕು ಎನ್ನಲು ಇನ್ನೂ ಒಂದು ಕಾರಣವಿದೆ. ಹೆಂಗಸೊಬ್ಬಳು ಸುಮ್ಮನೆ ರಸ್ತೆಯಲ್ಲಿ ನಡೆದರೆ "ಕೆಲಸ ಇಲ್ಲವೇ?" ಎಂದು ಕೇಳುವವರಿದ್ದಾರೆ. ಎಷ್ಟೋ ಜನರನ್ನು ತಡೆದಿರುವುದು ಸೋಮಾರಿತನವಲ್ಲ, ಈ ಪ್ರಶ್ನೆಯ ಅಂಜಿಕೆ. ನಾಲ್ಕು ಜನ ಒಟ್ಟಿಗೆ ನಡೆದರೆ ಕೇಳುವವರ ಬಾಯಿ ತಾನಾಗಿ ಮುಚ್ಚುತ್ತದೆ. ಮನೆಯ ಗಂಡಸರೂ ಸಂಜೆ ಅರ್ಧ ಗಂಟೆ ಒಲೆ, ಮಕ್ಕಳ ಕಡೆ ನೋಡಿಕೊಂಡರೆ ಮನೆಗೇನೂ ನಷ್ಟವಿಲ್ಲ.

ನನ್ನ ಸಲಹೆ ಸರಳ. ಸಂಜೆ ಹಾಲು ಹಾಕಿದ ಮೇಲೆ ಖಾಲಿ ಕ್ಯಾನನ್ನು ಡೇರಿಯಲ್ಲೇ ಇಟ್ಟು, ಮೂರು-ನಾಲ್ಕು ಜನ ಸೇರಿ ಒಂದು ಸುತ್ತು ನಡೆದು ಬನ್ನಿ. ಹೆದ್ದಾರಿಯಲ್ಲಿ ಬೇಡ, ಅಲ್ಲಿ ವಾಹನಗಳ ಭರಾಟೆ. ಮಿರ್ಜಾನದವರಿಗೆ ಕೋಟೆಯ ಕಡೆಯ ರಸ್ತೆ ಇದೆ. ಕಾಳುಮೆಣಸಿನ ರಾಣಿ ಚೆನ್ನಭೈರಾದೇವಿಯ ಕೋಟೆಯನ್ನು ದೂರದೂರಿನವರು ಬಂದು ನೋಡಿ ಹೋಗುತ್ತಾರೆ, ಪಕ್ಕದಲ್ಲಿರುವ ನಾವು ಅತ್ತ ಹೋಗುವುದು ನೆಂಟರು ಬಂದಾಗ ಮಾತ್ರ. ಮೊದಲ ವಾರ ಹತ್ತೇ ನಿಮಿಷ ಸಾಕು. ಒಂದು ದಿನ ತಪ್ಪಿದರೆ ಮರುದಿನ ಮುಂದುವರಿಸಿ, ಬಿಟ್ಟೇಬಿಡಬೇಡಿ. ಹಸು ಒಂದು ಹೊತ್ತು ಹಾಲು ಇಳಿಸದಿದ್ದರೆ ಅದನ್ನು ಮಾರಿಬಿಡುತ್ತೇವೆಯೇ?

ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಮ್ಮ ಮಳೆಯಲ್ಲಿ ನಡಿಗೆ ಕಷ್ಟ. ಆಗ ಜಗಲಿಯೇ ಸಾಕು. ಕುರ್ಚಿಯಿಂದ ಕೈ ಊರದೆ ಹತ್ತು ಸಲ ಏಳುವುದು, ಗೋಡೆಗೆ ಕೈಯಿಟ್ಟು ಹತ್ತು ಸಲ ತಳ್ಳುವುದು, ಗೋಡೆ ಹಿಡಿದು ಹಿಮ್ಮಡಿ ಎತ್ತುವುದು, ಸೊಂಟಕ್ಕೆ ಕೈಯಿಟ್ಟು ನಿಧಾನ ಹಿಂದಕ್ಕೆ ಬಾಗುವುದು. ಎದೆನೋವು, ಏದುಸಿರು, ಮಂಡಿ ಊತ ಇರುವವರು, ಬಾಣಂತಿಯರು ಮೊದಲು ವೈದ್ಯರನ್ನು ಕೇಳಿಯೇ ಶುರುಮಾಡಬೇಕು.

ನಮ್ಮ ಸಂಘಗಳ ಆಡಳಿತ ಮಂಡಳಿಗೂ ಒಂದು ವಿನಂತಿ. ಸಂಜೆ ಖಾಲಿ ಕ್ಯಾನು ಇಡಲು ಒಂದು ಮೂಲೆ, ಮಳೆಗಾಲದಲ್ಲಿ ವಾರಕ್ಕೆರಡು ದಿನ ಅರ್ಧ ಗಂಟೆ ಸಂಘದ ಕೋಣೆ, ಇಷ್ಟು ಕೊಟ್ಟರೆ ಸಾಕು. ಹಸುವಿನ ಆರೋಗ್ಯಕ್ಕೆ ಶಿಬಿರ ನಡೆಸುವ ಸಂಘ ಅದನ್ನು ಸಾಕುವವಳ ಆರೋಗ್ಯಕ್ಕೆ ಇಷ್ಟು ಮಾಡಬಹುದು. ಮುಂದಿನ ಸಭೆಯಲ್ಲಿ ಯಾರಾದರೂ ಒಬ್ಬರು ಎದ್ದು ಕೇಳಿ. ಅಲ್ಲಿಯವರೆಗೆ ಕಾಯದೆ, ನಾಳೆ ಸಂಜೆ ಪಕ್ಕದ ಮನೆಯವಳನ್ನು ಕರೆದುಕೊಂಡು ಹೊರಡಿ.